ಸಿಬಿಡಿ ಎಣ್ಣೆ: ‘ಎಷ್ಟು ಹನಿ?’ ಎಂದು ಕೇಳುವ ಮೊದಲು

ಬಸವನಗುಡಿಯ ನಮ್ಮ ಮೆಡಿಕಲ್ ಶಾಪ್‌ಗೆ ವಾರಕ್ಕೆ ಇಬ್ಬರು ಮೂವರಾದರೂ ಮೊಬೈಲ್ ಹಿಡಿದುಕೊಂಡು ಬಂದು ಒಂದೇ ಪ್ರಶ್ನೆ ಕೇಳುತ್ತಾರೆ. ಪರದೆಯ ಮೇಲೆ ಚಿಕ್ಕ ಕಂದು ಬಾಟಲಿಯ ಚಿತ್ರ. ‘ಇದು ಸಿಬಿಡಿ ಎಣ್ಣೆ ಅಂತೆ. ಅಮ್ಮನ ಮಂಡಿ ನೋವಿಗೆ ಒಳ್ಳೇದಂತೆ. ಎಷ್ಟು ಹನಿ ಕೊಡಬೇಕು?’ ಕೆಲವರಿಗೆ ನಿದ್ದೆ ಬರುತ್ತಿಲ್ಲ. ಕೆಲವರಿಗೆ ಆಫೀಸಿನ ಟೆನ್ಷನ್. ಒಬ್ಬರಂತೂ ಆಗಲೇ ತರಿಸಿಕೊಂಡು ಅರ್ಧ ಬಾಟಲಿ ಮುಗಿಸಿದ ಮೇಲೆ ಬಂದಿದ್ದರು.

ನಾನು ಈ ಎಣ್ಣೆ ಮಾರುವುದಿಲ್ಲ. ಬೇಡವೇ ಬೇಡ ಎಂದು ಹೆದರಿಸಲೂ ಹೊರಟಿಲ್ಲ. ಆದರೆ ‘ಎಷ್ಟು ಹನಿ’ ಎಂಬುದಕ್ಕೆ ಸಲೀಸಾದ ಉತ್ತರ ಇಲ್ಲ. ಒಂದು ಹನಿಯಲ್ಲಿ ಎಷ್ಟು ಮಿಲಿಗ್ರಾಂ ಇದೆ? ನೀವು ಬೇರೆ ಯಾವ ಮಾತ್ರೆ ನುಂಗುತ್ತಿದ್ದೀರಿ? ಊಟದ ಜೊತೆಗೋ, ಖಾಲಿ ಹೊಟ್ಟೆಗೋ? ಇಷ್ಟು ಗೊತ್ತಾಗುವವರೆಗೆ ಯಾರು ಹನಿ ಲೆಕ್ಕ ಹೇಳಿದರೂ ಅದು ಬರೀ ಅಂದಾಜು. ಕೌಂಟರಿನಲ್ಲಿ ಐದು ನಿಮಿಷದಲ್ಲಿ ಹೇಳಿ ಮುಗಿಸಲಾಗದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಮೊದಲು ಸ್ವಲ್ಪ ಹಿನ್ನೆಲೆ, ಆಮೇಲೆ ಏಳು ಹಂತಗಳು.

ಸಿಬಿಡಿ ಅಂದರೆ ಏನು?

ಗಾಂಜಾ ಗಿಡದಲ್ಲಿ, ಅಂದರೆ ನಮ್ಮ ಭಂಗಿ ಗಿಡದಲ್ಲಿ, ಕ್ಯಾನಬಿನಾಯ್ಡ್ ಎಂದು ಕರೆಯುವ ನೂರಕ್ಕೂ ಹೆಚ್ಚು ರಾಸಾಯನಿಕಗಳಿವೆ. ಅದರಲ್ಲಿ ಎರಡರ ಹೆಸರು ನಿಮಗೆ ಗೊತ್ತಿರಬೇಕು. ಒಂದು ಟಿಎಚ್‌ಸಿ. ಅಮಲು ಏರಿಸುವುದು ಅದೇ. ಇನ್ನೊಂದು ಸಿಬಿಡಿ, ಪೂರ್ತಿ ಹೆಸರು ಕ್ಯಾನಬಿಡಿಯಾಲ್. ಇದರಿಂದ ಅಮಲು ಏರುವುದಿಲ್ಲ. ಗಿಡದಿಂದ ಇದನ್ನು ಮೊದಲು ಬೇರ್ಪಡಿಸಿದ್ದು 1940ರಲ್ಲಿ. ಇದರ ರಚನೆಯನ್ನು 1963ರಲ್ಲಿ ಇಸ್ರೇಲಿನ ರಫೇಲ್ ಮೆಶುಲಾಮ್ ಅವರ ಪ್ರಯೋಗಾಲಯ ಬಿಡಿಸಿತು. ಶುದ್ಧ ಸಿಬಿಡಿಗೆ ಚಟ ಹತ್ತಿಸುವ ಗುಣ ಕಂಡುಬಂದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ 2018ರಲ್ಲಿ ಹೇಳಿತು.

ಆದರೆ ಆ ‘ಶುದ್ಧ’ ಎಂಬ ಪದದ ಮೇಲೆ ಕಣ್ಣಿಡಿ. ಬಾಟಲಿಯಲ್ಲಿ ಇರುವುದು ಎಷ್ಟೋ ಸಲ ಶುದ್ಧ ಸಿಬಿಡಿ ಅಲ್ಲ. ಅದನ್ನು ಮುಂದೆ ನೋಡೋಣ.

ದೇಹದೊಳಗೆ ಏನು ಮಾಡುತ್ತದೆ?

ನಮ್ಮ ದೇಹವೇ ಗಾಂಜಾವನ್ನು ಹೋಲುವ ಕೆಲವು ವಸ್ತುಗಳನ್ನು ತಯಾರಿಸಿಕೊಳ್ಳುತ್ತದೆ. 1992ರಲ್ಲಿ ಮೆಶುಲಾಮ್ ಅವರ ತಂಡ ಅಂಥ ಮೊದಲ ವಸ್ತುವನ್ನು ಕಂಡುಹಿಡಿದು ಅದಕ್ಕೆ ಆನಂದಮೈಡ್ ಎಂದು ಹೆಸರಿಟ್ಟಿತು. ಹೌದು, ನಮ್ಮ ‘ಆನಂದ’ ಎಂಬ ಪದವೇ. ನೋವು, ಹಸಿವು, ನಿದ್ದೆ, ಮನಸ್ಸಿನ ಸ್ಥಿತಿ ಇವುಗಳ ಏರಿಳಿತ ಸರಿದೂಗಿಸುವುದು ಇಂಥ ವಸ್ತುಗಳ ಕೆಲಸ. ಅವು ಹೋಗಿ ಕೂರುವ ಜಾಗಕ್ಕೆ ರಿಸೆಪ್ಟರ್ ಎನ್ನುತ್ತಾರೆ. ಜೀವಕೋಶದ ಮೇಲ್ಮೈಯಲ್ಲಿ ಸಂದೇಶ ಹಿಡಿದುಕೊಳ್ಳುವ ಸೀಟು ಅಂದುಕೊಳ್ಳಿ. ಸಿಬಿ1 ಎಂಬ ಸೀಟುಗಳು ಮಿದುಳಿನಲ್ಲಿ ಜಾಸ್ತಿ. ಸಿಬಿ2 ಸೀಟುಗಳು ರೋಗನಿರೋಧಕ ಕಣಗಳಲ್ಲಿ ಜಾಸ್ತಿ.

ಟಿಎಚ್‌ಸಿ ಬಂದು ಸಿಬಿ1 ಸೀಟಿನಲ್ಲಿ ನೇರವಾಗಿ ಕೂತುಬಿಡುತ್ತದೆ. ಅದೇ ಅಮಲು. ಸಿಬಿಡಿ ಹಾಗೆ ಕೂರುವುದಿಲ್ಲ. ತುಂಬಿದ ಬಿಎಂಟಿಸಿ ಬಸ್ಸಿನಲ್ಲಿ ಸೀಟಿನ ಪಕ್ಕಕ್ಕೇ ಒಬ್ಬರು ಒತ್ತಿಕೊಂಡು ನಿಂತರೆ ಕೂತವರು ಸರಿಯಾಗಿ ಒರಗಲು ಆಗುವುದಿಲ್ಲ ಅಲ್ವಾ? ಸಿಬಿಡಿ ಸಿಬಿ1ಕ್ಕೆ ಮಾಡುವುದು ಹೆಚ್ಚುಕಡಿಮೆ ಅದನ್ನೇ.

ಅದರ ಮುಖ್ಯ ಕೆಲಸ ನಡೆಯುವುದು ಬೇರೆ ಕಡೆ. ಒಂದು, ಸೆರೊಟೋನಿನ್‌ನ ಒಂದು ಬಗೆಯ ರಿಸೆಪ್ಟರ್ ಮೇಲೆ. ಆತಂಕಕ್ಕೆ ಕೊಡುವ ಬಸ್ಪಿರೋನ್ ಮಾತ್ರೆ ಕೆಲಸ ಮಾಡುವ ಜಾಗವೂ ಅದೇ. ಇನ್ನೊಂದು, ಖಾರವನ್ನು ಗುರುತಿಸುವ ರಿಸೆಪ್ಟರ್. ಗುಂಟೂರು ಮೆಣಸಿನಕಾಯಿ ಕಚ್ಚಿದಾಗ ನಾಲಿಗೆ ಉರಿಯುವುದು ಇದರಿಂದಲೇ. ದಿನಾ ಖಾರ ತಿನ್ನುವವರಿಗೆ ಆ ಉರಿ ಕಡಿಮೆಯಾಗುತ್ತಾ ಬರುತ್ತದೆ. ಸಿಬಿಡಿ ಕೂಡ ಈ ರಿಸೆಪ್ಟರನ್ನು ತಟ್ಟಿ ತಟ್ಟಿ ಮಂದ ಮಾಡುತ್ತದೆ. ನೋವು, ಉರಿಯೂತಕ್ಕೆ ಇದು ಉಪಯೋಗವಾಗಬಹುದು ಎಂಬ ಆಸೆ ಹುಟ್ಟಿದ್ದು ಇದರಿಂದಲೂ ಹೌದು.

ಆದರೆ ಪ್ರಯೋಗಾಲಯದ ತಟ್ಟೆಯಲ್ಲಿ ಜೀವಕೋಶದ ಮೇಲೆ ಕಂಡದ್ದು ಬೇರೆ, ಮನುಷ್ಯನ ಮಂಡಿಯಲ್ಲಿ ಆಗುವುದು ಬೇರೆ. ಎಣ್ಣೆ ನುಂಗಿದರೆ ಅದು ಕರುಳಿನಿಂದ ಮೊದಲು ಲಿವರಿಗೆ ಹೋಗುತ್ತದೆ. ಲಿವರ್ ಅದರ ಬಹುಪಾಲನ್ನು ಅಲ್ಲೇ ಒಡೆದು ಹಾಕುತ್ತದೆ. ಖಾಲಿ ಹೊಟ್ಟೆಯಲ್ಲಿ ನುಂಗಿದ್ದರಲ್ಲಿ ಸುಮಾರು ಶೇ 6ರಷ್ಟು ಮಾತ್ರ ರಕ್ತಕ್ಕೆ ಸೇರುತ್ತದೆ ಎಂಬುದು ಲೆಕ್ಕ. ಅಂದರೆ 100 ಮಿಲಿಗ್ರಾಂ ನುಂಗಿದರೆ 6. ಇದನ್ನು ನೆನಪಿಟ್ಟುಕೊಳ್ಳಿ, ಐದನೇ ಹಂತದಲ್ಲಿ ಮತ್ತೆ ಬೇಕಾಗುತ್ತದೆ.

ಯಾವ ಕಾಯಿಲೆಗೆ ಆಧಾರ ಇದೆ?

ಗಟ್ಟಿ ಆಧಾರ ಇರುವುದು ಕೆಲವು ಬಗೆಯ ಮೂರ್ಛೆ ರೋಗಕ್ಕೆ. ಡ್ರಾವೆ ಸಿಂಡ್ರೋಮ್ ಮತ್ತು ಲೆನಾಕ್ಸ್-ಗ್ಯಾಸ್ಟೋ ಸಿಂಡ್ರೋಮ್ ಎಂಬ, ಮಕ್ಕಳಲ್ಲಿ ಶುರುವಾಗುವ ಕಠಿಣ ಮೂರ್ಛೆಗಳಿವೆ. ಅವಕ್ಕೆ ಎಪಿಡಿಯೊಲೆಕ್ಸ್ ಎಂಬ ಶುದ್ಧ ಸಿಬಿಡಿ ಔಷಧಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಒಪ್ಪಿಗೆ ಕೊಟ್ಟಿತು. 2020ರಲ್ಲಿ ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ಕಾಯಿಲೆಯ ಮೂರ್ಛೆಗೂ ಒಪ್ಪಿಗೆ ಸಿಕ್ಕಿತು. ಅಲ್ಲಿ ಕೊಡುವ ಪ್ರಮಾಣ ನೋಡಿ. ಶುರುವಿಗೇ ದಿನಕ್ಕೆ ಕೆಜಿ ತೂಕಕ್ಕೆ 5 ಮಿಲಿಗ್ರಾಂ. 20 ಕೆಜಿ ಮಗುವಿಗೆ ದಿನಕ್ಕೆ 100 ಮಿಲಿಗ್ರಾಂ ಆಯಿತು. ಬೇಕಾದರೆ ಅದನ್ನು ನಿಧಾನವಾಗಿ 400ರವರೆಗೂ ಏರಿಸುತ್ತಾರೆ. ನಿಮ್ಮ ಮಗುವಿಗೆ ಇಂಥ ಮೂರ್ಛೆ ಇದ್ದರೆ ಆನ್‌ಲೈನ್ ಬಾಟಲಿ ಖಂಡಿತ ಬೇಡ. ನಿಮ್ಹಾನ್ಸ್‌ನಲ್ಲೋ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯಲ್ಲೋ ನರರೋಗ ತಜ್ಞರ ಹತ್ತಿರವೇ ಇದರ ಬಗ್ಗೆ ಮಾತಾಡಿ. ಈಗ ನಡೆಯುತ್ತಿರುವ ಮೂರ್ಛೆ ಮಾತ್ರೆಯನ್ನು ಒಂದು ದಿನವೂ ನೀವಾಗಿ ನಿಲ್ಲಿಸಬೇಡಿ.

ಆತಂಕಕ್ಕೆ ಸ್ವಲ್ಪ ಆಧಾರ ಇದೆ. ಬ್ರೆಜಿಲ್‌ನಲ್ಲಿ ಆರೋಗ್ಯವಂತ ಗಂಡಸರಿಗೆ ಸಿಬಿಡಿ ಕೊಟ್ಟು ಭಾಷಣ ಮಾಡಿಸಿ ನೋಡಿದರು. ಕೆಲವರಿಗೆ 150 ಮಿಲಿಗ್ರಾಂ, ಕೆಲವರಿಗೆ 300, ಕೆಲವರಿಗೆ 600. ಭಾಷಣದ ಹೊತ್ತಿನ ಆತಂಕ ಕಡಿಮೆಯಾದದ್ದು 300 ತೆಗೆದುಕೊಂಡವರಿಗೆ. 150ಕ್ಕೂ ಇಲ್ಲ, 600ಕ್ಕೂ ಇಲ್ಲ. ‘ಜಾಸ್ತಿ ಹಾಕಿದರೆ ಜಾಸ್ತಿ ಗುಣ’ ಎನ್ನುವವರಿಗೆ ನಾನು ಹೇಳುವ ಉದಾಹರಣೆ ಇದು.

ಮಂಡಿ ನೋವು, ಬೆನ್ನು ನೋವಿಗೆ ಆಧಾರ ತೆಳು. ಬಹುಪಾಲು ಪ್ರಯೋಗಗಳಲ್ಲಿ ಔಷಧವಿಲ್ಲದ ಸುಳ್ಳು ಗುಳಿಗೆ ತೆಗೆದುಕೊಂಡವರಿಗೂ ಸಿಬಿಡಿ ತೆಗೆದುಕೊಂಡವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ. ನಿದ್ದೆಗೂ ಹೆಚ್ಚುಕಡಿಮೆ ಇದೇ ಕಥೆ. ಇದರಿಂದ ಕ್ಯಾನ್ಸರ್ ವಾಸಿಯಾಗುತ್ತದೆ ಎನ್ನುವವರ ಮಾತು ನಂಬಲೇಬೇಡಿ. ಕಿದ್ವಾಯಿಯಲ್ಲಿ ಕೀಮೋ ನಡೆಯುತ್ತಿರುವಾಗ ವೈದ್ಯರಿಗೆ ಹೇಳದೆ ಮನೆಯಲ್ಲಿ ಈ ಎಣ್ಣೆ ಕೊಡಬೇಡಿ, ದಯವಿಟ್ಟು. ಕಾರಣ ಮೊದಲನೇ ಹಂತದಲ್ಲೇ ಇದೆ.

ಹಂತ 1: ಮನೆಯ ಮಾತ್ರೆಗಳನ್ನೆಲ್ಲ ಮೇಜಿನ ಮೇಲಿಡಿ

ಎಣ್ಣೆ ತರುವ ಮೊದಲ ಕೆಲಸ ಇದು. ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ಯಾರಿಗೆ ಕೊಡಬೇಕೆಂದಿದ್ದೀರೋ ಅವರು ನುಂಗುವ ಪ್ರತಿಯೊಂದು ಮಾತ್ರೆಯ ಹೆಸರನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಕಷಾಯ, ಲೇಹ್ಯ, ವಿಟಮಿನ್ ಎಲ್ಲವೂ ಸೇರಲಿ.

ಏಕೆ ಅಂತೀರಾ? ದೇವನಹಳ್ಳಿ ಚಕ್ಕೋತ ಗೊತ್ತಲ್ವಾ? ಚಕ್ಕೋತ ಮತ್ತು ಕಿತ್ತಳೆ ಬೆರೆತು ಹುಟ್ಟಿದ ಹಣ್ಣು ಗ್ರೇಪ್‌ಫ್ರೂಟ್. ಕೆಲವು ಮಾತ್ರೆಗಳ ಜೊತೆ ಅದನ್ನು ತಿನ್ನಬಾರದು ಎಂದು ಮಾತ್ರೆಯ ಜೊತೆ ಬರುವ ಮಾಹಿತಿ ಹಾಳೆಯಲ್ಲೇ ಇರುತ್ತದೆ. ಮಾತ್ರೆಯನ್ನು ಒಡೆದು ಹಾಕಬೇಕಾದ ಕಿಣ್ವವನ್ನು ಆ ಹಣ್ಣು ತಡೆಯುತ್ತದೆ. ಆಗ ಮಾತ್ರೆ ರಕ್ತದಲ್ಲಿ ಉಳಿದು ಜಮೆಯಾಗುತ್ತದೆ. ನೀವು ನುಂಗಿದ್ದು ಒಂದು, ದೇಹಕ್ಕೆ ಆದದ್ದು ಎರಡು ಮೂರು ನುಂಗಿದಂತೆ. ಸಿಬಿಡಿ ಕೂಡ ಲಿವರಿನ ಇಂಥ ಕೆಲವು ಕಿಣ್ವಗಳನ್ನು ತಡೆಯುತ್ತದೆ.

ಈ ಕೆಳಗಿನ ಮಾತ್ರೆ ಇದ್ದವರು ತಜ್ಞ ವೈದ್ಯರು ಸರಿ ಎನ್ನದೆ ಒಂದು ಹನಿಯನ್ನೂ ಹಾಕಿಕೊಳ್ಳಬಾರದು.

ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಅಸಿನೊಕೊಮರಾಲ್. ಜಯದೇವದಂಥ ಕಡೆ ಹೃದಯದ ವಾಲ್ವ್ ಹಾಕಿಸಿಕೊಂಡು ಆಗಾಗ ಐಎನ್‌ಆರ್ ಟೆಸ್ಟ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡುವುದು) ಮಾಡಿಸುತ್ತಿರುವವರು ನೀವಾದರೆ ಇದು ನಿಮಗೇ ಹೇಳಿದ ಮಾತು. ಸಿಬಿಡಿ ಸೇರಿದಾಗ ಐಎನ್‌ಆರ್ ಏರಿದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ಏರಿದರೆ ರಕ್ತಸ್ರಾವದ ಭಯ.

ಮೂರ್ಛೆಗೆ ಕೊಡುವ ಕ್ಲೋಬಜಾಮ್. ಅದು ದೇಹದಲ್ಲಿ ಒಡೆದು ಉಂಟಾಗುವ ಸಕ್ರಿಯ ವಸ್ತುವಿನ ಮಟ್ಟ ಸಿಬಿಡಿ ಜೊತೆ ಸುಮಾರು 3 ಪಟ್ಟಾಗುತ್ತದೆ. ರೋಗಿ ಮಂಪರಿನಲ್ಲೇ ಇರುತ್ತಾರೆ. ವಾಲ್‌ಪ್ರೊಯೇಟ್ ಜೊತೆ ಲಿವರಿಗೆ ಪೆಟ್ಟು ಬೀಳುವ ಸಾಧ್ಯತೆ ಜಾಸ್ತಿ.

ಕಿಡ್ನಿ ಕಸಿ ಆದವರು ತೆಗೆದುಕೊಳ್ಳುವ ಟ್ಯಾಕ್ರೊಲಿಮಸ್. ಇದರ ಮಟ್ಟವೂ ಏರುತ್ತದೆ.

ನಿದ್ದೆ ಮಾತ್ರೆ, ಮನೋರೋಗದ ಮಾತ್ರೆ, ಮದ್ಯ. ಇವುಗಳ ಜೊತೆ ಮಂಪರು ಇನ್ನಷ್ಟು ಹೆಚ್ಚುತ್ತದೆ.

ಗರ್ಭಿಣಿಯರು, ಎದೆಹಾಲು ಕುಡಿಸುವ ತಾಯಂದಿರು, ಲಿವರ್ ಕಾಯಿಲೆ ಇರುವವರು, ಮಕ್ಕಳು ಇದರ ತಂಟೆಗೇ ಹೋಗಬೇಡಿ. ಮೂರ್ಛೆಗೆ ನರತಜ್ಞರು ಬರೆದುಕೊಟ್ಟಿದ್ದರೆ ಆ ಮಾತು ಬೇರೆ. ಮನೆತನದಲ್ಲಿ ಯಾರಿಗಾದರೂ ಸ್ಕಿಜೋಫ್ರೇನಿಯಾದಂಥ ಕಾಯಿಲೆ ಇದ್ದರೆ ಟಿಎಚ್‌ಸಿ ಇರುವ ಯಾವ ಎಣ್ಣೆಯೂ ಬೇಡ.

ಹಂತ 2: ವೈದ್ಯರನ್ನು ಕಂಡು ಚೀಟಿ ಬರೆಸಿಕೊಳ್ಳಿ

‘ಇದು ಕಾನೂನಿಗೆ ವಿರುದ್ಧ ಅಲ್ವಾ?’ ಎಂದು ಪಿಸುಗುಟ್ಟಿ ಕೇಳುವವರೇ ಜಾಸ್ತಿ. ವಿಷಯ ಹೀಗಿದೆ. ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಅಂದರೆ ಗಿಡದ ಹೂವಿನ ಅಥವಾ ಕಾಯಿ ಬಿಟ್ಟ ತುದಿ. ಚರಸ್ ಅಂದರೆ ಅದರ ಅಂಟು. ಹೂವಿನ ತುದಿ ಜೊತೆಗಿಲ್ಲದ ಬರೀ ಎಲೆ ಮತ್ತು ಬೀಜ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. 2022ರಲ್ಲಿ ಒಂದು ಜಾಮೀನು ಅರ್ಜಿಯ ವಿಚಾರಣೆಯಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಕೂಡ ಎಲೆಯಿಂದ ಮಾಡುವ ಭಂಗಿ ಈ ಕಾಯ್ದೆಯಡಿ ನಿಷೇಧಿತ ಎಂದು ತೋರಿಸುವ ಆಧಾರ ಇಲ್ಲ ಎಂದಿತ್ತು.

ಈ ಎಲೆಗೆ ಆಯುರ್ವೇದದಲ್ಲಿ ವಿಜಯಾ ಎಂದು ಹೆಸರು. ನಮ್ಮಲ್ಲಿ ಸಿಗುವ ಎಣ್ಣೆಗಳು ಸಾಮಾನ್ಯವಾಗಿ ವಿಜಯಾ ಎಲೆಯ ಸಾರದಿಂದ ಮಾಡಿದ, ಆಯುಷ್ ಪರವಾನಗಿ ಇರುವ ಆಯುರ್ವೇದ ಔಷಧಿಗಳು. ಔಷಧ ನಿಯಮಗಳ ‘ಶೆಡ್ಯೂಲ್ ಇ-1’ ಪಟ್ಟಿಯಲ್ಲಿ ಭಂಗಿ ಇದೆ. ಅದು ಎಚ್ಚರಿಕೆಯಿಂದ ಬಳಸಬೇಕಾದ ವಸ್ತುಗಳ ಪಟ್ಟಿ. ಅದಕ್ಕೇ ಲೇಬಲ್ ಮೇಲೆ ‘ವೈದ್ಯರ ಮೇಲ್ವಿಚಾರಣೆಯಲ್ಲಿ ತೆಗೆದುಕೊಳ್ಳಬೇಕು’ ಎಂಬ ಮಾತು ಇರಲೇಬೇಕು.

ಹಾಗಾಗಿ ನೋಂದಾಯಿತ ಆಯುರ್ವೇದ ವೈದ್ಯರ ಚೀಟಿ ಇಟ್ಟುಕೊಳ್ಳಿ. ಮನೆಯ ಹತ್ತಿರದ ವೈದ್ಯರಾಗಬಹುದು. ಧನ್ವಂತರಿ ರಸ್ತೆಯ ಸರ್ಕಾರಿ ಆಯುರ್ವೇದ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಕೇಳಿ ನೋಡಬಹುದು. ಮೊದಲ ಹಂತದ ಹಾಳೆಯನ್ನು ಅವರ ಮುಂದಿಡಿ. ಬಿಪಿ, ಹೃದಯ, ಮೂರ್ಛೆ ಎಂದು ಬೇರೆ ಕಡೆ ತೋರಿಸುತ್ತಿದ್ದರೆ ಆ ವೈದ್ಯರಿಗೂ ಹೇಳಿ. ‘ಬೈತಾರೆ’ ಎಂದು ಮುಚ್ಚಿಡುವವರನ್ನು ನೋಡಿದ್ದೇನೆ. ಬೈಸಿಕೊಂಡರೂ ಪರವಾಗಿಲ್ಲ, ಹೇಳಿ.

ಇಲ್ಲಿ ಜನ ಎಡವುವುದು ಎರಡು ಕಡೆ. ಆನ್‌ಲೈನ್ ಮಾರಾಟಗಾರರು ಎರಡು ನಿಮಿಷ ಫೋನಿನಲ್ಲಿ ಮಾತಾಡಿಸಿ ಚೀಟಿ ಕೊಟ್ಟುಬಿಡುತ್ತಾರೆ. ನಿಮ್ಮ ಮಾತ್ರೆಗಳ ಪಟ್ಟಿ ಕೇಳದೆ ಕೊಟ್ಟ ಚೀಟಿ ಕಾಗದಕ್ಕೆ ಸಮ. ಇನ್ನೊಂದು, ವಿದೇಶದ ವೆಬ್‌ಸೈಟಿನಿಂದ ತರಿಸುವುದು. ಅದು ಹೂವಿನಿಂದ ತೆಗೆದ ಎಣ್ಣೆ ಆಗಿರಬಹುದು. ಕಸ್ಟಮ್ಸ್‌ನಲ್ಲಿ ಸಿಕ್ಕಿದರೆ ಉತ್ತರ ಕೊಡಬೇಕಾದವರು ನೀವೇ.

ಹಂತ 3: ಬಾಟಲಿಯ ಹಿಂಬದಿ ಓದಿ

ಒಬ್ಬ ಅಜ್ಜಿಯ ಮಗಳು ನಮ್ಮ ಅಂಗಡಿಗೆ ತಂದ ಬಾಟಲಿಯ ಮುಂದೆ ಇಷ್ಟು ದಪ್ಪಕ್ಷರದಲ್ಲಿ ‘3000 ಮಿಲಿಗ್ರಾಂ’ ಎಂದಿತ್ತು. ಬಾಟಲಿ 30 ಎಂಎಲ್. ಕನ್ನಡಕ ಹಾಕಿಕೊಂಡು ಹಿಂದೆ ತಿರುಗಿಸಿ ಓದಿದೆ. ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ‘ವಿಜಯಾ ಪತ್ರ ಸಾರ 3000 ಮಿಲಿಗ್ರಾಂ, ಎಳ್ಳೆಣ್ಣೆ ಸಾಕಷ್ಟು’. ಅದರಲ್ಲಿ ಸಿಬಿಡಿ ಎಷ್ಟು, ಟಿಎಚ್‌ಸಿ ಎಷ್ಟು? ಒಂದಂಕಿಯೂ ಇಲ್ಲ.

ನಮ್ಮಲ್ಲಿ ಎಲ್ಲಕ್ಕಿಂತ ದೊಡ್ಡ ಗೊಂದಲ ಇದೇ. ಸಾರದ ತೂಕ ಬೇರೆ, ಅದರೊಳಗಿನ ಸಿಬಿಡಿಯ ತೂಕ ಬೇರೆ. 3000 ಮಿಲಿಗ್ರಾಂ ಕಾಫಿ ಪುಡಿ ಹಾಕಿದೆ ಅಂದರೆ 3000 ಮಿಲಿಗ್ರಾಂ ಕೆಫೀನ್ ಹಾಕಿದೆ ಅಂತಲ್ಲವಲ್ಲ. ಎಲೆಯ ಸಾರದಲ್ಲಿ ಟಿಎಚ್‌ಸಿಯೇ ಜಾಸ್ತಿ ಇರುವುದೂ ಉಂಟು. ಅಂಥದ್ದನ್ನು ಸಿಬಿಡಿ ಎಂದುಕೊಂಡು ಕುಡಿದು ತಲೆ ತಿರುಗಿ ಬಿದ್ದರೆ ವಯಸ್ಸಾದವರಿಗೆ ಸೊಂಟ ಮುರಿಯಲು ಅಷ್ಟು ಸಾಕು.

ಲೇಬಲ್‌ನಲ್ಲಿ ಸಿಗಬಹುದಾದ ಮೂರು ಪದಗಳ ಅರ್ಥ ತಿಳಿದಿರಲಿ. ಐಸೊಲೇಟ್ ಎಂದರೆ ಬರೀ ಸಿಬಿಡಿ. ಬ್ರಾಡ್ ಸ್ಪೆಕ್ಟ್ರಮ್ ಎಂದರೆ ಗಿಡದ ಬೇರೆ ಅಂಶಗಳೂ ಇವೆ, ಆದರೆ ಟಿಎಚ್‌ಸಿ ತೆಗೆದಿದ್ದಾರೆ. ಫುಲ್ ಸ್ಪೆಕ್ಟ್ರಮ್ ಎಂದರೆ ಟಿಎಚ್‌ಸಿ ಸಮೇತ ಎಲ್ಲವೂ ಇದೆ. ‘1:1’ ಎಂದು ಬರೆದಿದ್ದರೆ ಸಿಬಿಡಿ ಎಷ್ಟೋ ಟಿಎಚ್‌ಸಿಯೂ ಅಷ್ಟೇ. ಅಮಲು ಬರುತ್ತದೆ.

ಬ್ಯಾಚ್‌ನ ಪರೀಕ್ಷಾ ವರದಿ ಕೇಳಿ. ಎನ್‌ಎಬಿಎಲ್ ಮಾನ್ಯತೆ ಇರುವ ಪ್ರಯೋಗಾಲಯದ್ದಾದರೆ ಒಳ್ಳೆಯದು. ವರದಿಯ ಬ್ಯಾಚ್ ನಂಬರೂ ಬಾಟಲಿಯ ಮೇಲಿನದೂ ಒಂದೇ ಇರಬೇಕು. ಅದರಲ್ಲಿ ಸಿಬಿಡಿ ಮತ್ತು ಟಿಎಚ್‌ಸಿ ಅಂಕಿ, ಸೀಸ, ಪಾದರಸದಂಥ ಭಾರ ಲೋಹ, ಕೀಟನಾಶಕ ಇವುಗಳ ಫಲಿತಾಂಶ ನೋಡಿ. ಈ ಗಿಡ ಮಣ್ಣಿನ ಲೋಹಗಳನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ, ಅದಕ್ಕೇ ಹೇಳುತ್ತಿದ್ದೇನೆ. ವರದಿ ಕೊಡಲು ಹಿಂದೆಮುಂದೆ ನೋಡಿದರೆ ಆ ಬಾಟಲಿ ಬಿಟ್ಟುಬಿಡಿ.

ಸೂಪರ್ ಮಾರ್ಕೆಟ್ಟಿನಲ್ಲಿ ಸಿಗುವ ಹೆಂಪ್ ಬೀಜದ, ಅಂದರೆ ಇದೇ ಗಿಡದ ಬೀಜದ, ಎಣ್ಣೆ ಇದಲ್ಲ. ಅದನ್ನು 2021ರಲ್ಲಿ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಆಹಾರವೆಂದು ಒಪ್ಪಿದೆ. ಸಾಂಬಾರಿಗೋ ಸಲಾಡಿಗೋ ಹಾಕಿಕೊಳ್ಳಿ, ತೊಂದರೆಯಿಲ್ಲ. ಆದರೆ ಬೀಜದಲ್ಲಿ ಸಿಬಿಡಿ ಇಲ್ಲವೆಂದೇ ಹೇಳಬೇಕು. ಅದನ್ನೇ ‘ಸಿಬಿಡಿ ಥರಾನೇ’ ಎಂದು ಹೆಚ್ಚು ಬೆಲೆಗೆ ಕಟ್ಟುವವರಿದ್ದಾರೆ.

ಹಂತ 4: ಹನಿಯ ಲೆಕ್ಕ

ವರದಿಯಲ್ಲಿ ಸಿಬಿಡಿ ಅಂಕಿ ಸಿಕ್ಕಿತು ಅನ್ನಿ. 30 ಎಂಎಲ್ ಬಾಟಲಿಯಲ್ಲಿ 900 ಮಿಲಿಗ್ರಾಂ. ಭಾಗಿಸಿ. ಒಂದು ಎಂಎಲ್‌ಗೆ 30 ಮಿಲಿಗ್ರಾಂ.

ಈಗ ಒಂದು ಎಂಎಲ್‌ಗೆ ಎಷ್ಟು ಹನಿ? ಎಲ್ಲರೂ 20 ಎನ್ನುತ್ತಾರೆ. ಅದು ನೀರಿನ ಲೆಕ್ಕ. ಎಣ್ಣೆಯ ಹನಿ ಚಿಕ್ಕದು. ಡ್ರಾಪರ್ ತುದಿ ಹೇಗಿದೆ ಎಂಬುದರ ಮೇಲೂ ಬದಲಾಗುತ್ತದೆ. ಮೆಡಿಕಲ್ ಶಾಪ್‌ನಲ್ಲಿ ಸೂಜಿ ಇಲ್ಲದ 1 ಎಂಎಲ್ ಸಿರಿಂಜ್ ತೆಗೆದುಕೊಳ್ಳಿ. ಅದರಲ್ಲಿ ಸರಿಯಾಗಿ ಒಂದು ಎಂಎಲ್ ಎಣ್ಣೆ ಎಳೆದು ಬಾಟಲಿಯ ಡ್ರಾಪರಿಗೆ ತುಂಬಿ. ಡ್ರಾಪರನ್ನು ನೆಟ್ಟಗೆ ಹಿಡಿದು ಚಿಕ್ಕ ಸ್ಟೀಲ್ ಲೋಟದೊಳಗೆ ಒಂದೊಂದೇ ಹನಿ ಬಿಡುತ್ತಾ ಎಣಿಸಿ. 30 ಹನಿ ಬಂದರೆ ಒಂದು ಹನಿಗೆ 1 ಮಿಲಿಗ್ರಾಂ. 25 ಬಂದರೆ 1.2. ಎಣಿಸಿದ ಮೇಲೆ ಲೋಟದ ಎಣ್ಣೆಯನ್ನು ಸಿರಿಂಜಿನಲ್ಲಿ ಎಳೆದು ಬಾಟಲಿಗೇ ಹಾಕಬೇಡಿ, ಕೆಡುತ್ತದೆ. ಇಷ್ಟೆಲ್ಲ ಕಷ್ಟ ಅನಿಸಿದರೆ ಹನಿ ಬಿಟ್ಟು ದಿನಾ ಸಿರಿಂಜಿನಲ್ಲೇ ಅಳೆದುಕೊಳ್ಳಿ. ನನ್ನನ್ನು ಕೇಳಿದರೆ ಅದೇ ಸರಿ.

ಹಂತ 5: ಶುರು ಮಾಡುವುದು

ವೈದ್ಯರು ಬೇರೆ ಪ್ರಮಾಣ ಹೇಳಿದ್ದರೆ ಅದನ್ನೇ ಪಾಲಿಸಿ. ನಿಮ್ಮ ಅಂದಾಜಿಗೆ ಒಂದು ಗೆರೆ ಬೇಕೆಂದರೆ ಇಲ್ಲಿದೆ: ಆರೋಗ್ಯವಂತ ವಯಸ್ಕರು ಆಹಾರದ ರೂಪದ ಸಿಬಿಡಿಯನ್ನು ದಿನಕ್ಕೆ 10 ಮಿಲಿಗ್ರಾಂ ದಾಟದಿರಲಿ ಎಂದು ಬ್ರಿಟನ್ನಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ಹೇಳಿತು. ಅದಕ್ಕೆ ಮೊದಲು 70 ಎನ್ನುತ್ತಿತ್ತು. ದಿನಾ ದೀರ್ಘಕಾಲ ತೆಗೆದುಕೊಂಡರೆ ಲಿವರಿಗೆ ಆಗಬಹುದಾದ ತೊಂದರೆ ನೋಡಿ ಇಳಿಸಿದರು.

ಹಾಗಾದರೆ ಬ್ರೆಜಿಲ್‌ನ 300? ಅದು ಒಂದೇ ದಿನ, ವೈದ್ಯರ ಕಣ್ಣೆದುರು ಕೊಟ್ಟದ್ದು. ನಮ್ಮ 900 ಮಿಲಿಗ್ರಾಂ ಬಾಟಲಿಯಿಂದ ದಿನಾ 300 ತೆಗೆದುಕೊಂಡರೆ ಮೂರೇ ದಿನಕ್ಕೆ ಖಾಲಿ. ಸಣ್ಣ ಪ್ರಮಾಣದಿಂದ ದೊಡ್ಡ ಪವಾಡ ನಿರೀಕ್ಷಿಸಬೇಡಿ. ದೊಡ್ಡ ಪ್ರಮಾಣಕ್ಕೆ ನೀವಾಗಿ ಕೈ ಹಾಕಬೇಡಿ.

ಮೊದಲ ದಿನ ರಾತ್ರಿ 5 ಮಿಲಿಗ್ರಾಂ ಸಾಕು. ನಾಲಿಗೆಯ ಕೆಳಗೆ ಬಿಟ್ಟು ಒಂದು ನಿಮಿಷ ಹಾಗೇ ಹಿಡಿದುಕೊಳ್ಳಿ, ಆಮೇಲೆ ನುಂಗಿ. ನಾಲಿಗೆ ಕೆಳಗಿನಿಂದ ನೇರ ರಕ್ತಕ್ಕೆ ಹೋಗಿಬಿಡುತ್ತದೆ ಎಂದು ಹೇಳುವುದುಂಟು. ಆದರೆ ಬಹುಪಾಲು ಎಂಜಲಿನ ಜೊತೆ ಹೊಟ್ಟೆಗೇ ಹೋಗುತ್ತದೆ. ಅದರಿಂದ ಅರ್ಧ ಗಂಟೆಯಲ್ಲಿ ಏನೂ ಆಗಲಿಲ್ಲ ಎಂದು ಇನ್ನೊಂದಷ್ಟು ಹಾಕಿಕೊಳ್ಳಬೇಡಿ. ನುಂಗಿದ ಸಿಬಿಡಿ ರಕ್ತದಲ್ಲಿ ಮೇಲಿನ ಮಟ್ಟ ಮುಟ್ಟಲು ಸುಮಾರು ಎರಡೂವರೆಯಿಂದ ಐದು ಗಂಟೆ ಬೇಕು. ಆ ರಾತ್ರಿ ಸ್ಕೂಟರ್ ಓಡಿಸಬೇಡಿ. ಬೆಳಿಗ್ಗೆ ಮಂಪರು ಇದ್ದರೆ ಆಗಲೂ ಬೇಡ.

ಈಗ ಆ ಶೇ 6ಕ್ಕೆ ಬರೋಣ. ಕೊಬ್ಬಿನಂಶ ಜಾಸ್ತಿ ಇರುವ ಊಟದ ಜೊತೆ ತೆಗೆದುಕೊಂಡರೆ ರಕ್ತಕ್ಕೆ ಸೇರುವ ಸಿಬಿಡಿ 4ರಿಂದ 5 ಪಟ್ಟು ಹೆಚ್ಚುತ್ತದೆ. ಅಂದರೆ ಒಂದು ದಿನ ಎರಡು ಇಡ್ಲಿ ತಿಂದು, ಮರುದಿನ ಬೆಣ್ಣೆ ಮಸಾಲೆ ದೋಸೆ ತಿಂದು ಅಷ್ಟೇ ಹನಿ ಹಾಕಿಕೊಂಡರೆ ದೇಹಕ್ಕೆ ಅದು ಅಷ್ಟೇ ಅಲ್ಲ. ‘ನಿನ್ನೆ ಏನೂ ಆಗಲಿಲ್ಲ, ಇವತ್ತು ತಲೆ ಭಾರ’ ಎನ್ನುವವರ ಕಥೆ ಎಷ್ಟೋ ಸಲ ಇದೇ ಆಗಿರುತ್ತದೆ. ಒಂದೇ ಹೊತ್ತು, ಒಂದೇ ರೀತಿಯ ಊಟ ಇಟ್ಟುಕೊಳ್ಳಿ. ರಾತ್ರಿ ಊಟಕ್ಕೆ ಒಂದು ಚಮಚ ತುಪ್ಪ ಹಾಕಿಕೊಳ್ಳುವವರಾದರೆ ದಿನಾ ಅಷ್ಟೇ ಹಾಕಿಕೊಳ್ಳಿ.

ಹಚ್ಚುವ ಮುಲಾಮು ಇದ್ದರೆ ಅದು ಹೆಚ್ಚಾಗಿ ಹಚ್ಚಿದ ಜಾಗದಲ್ಲೇ ಉಳಿಯುತ್ತದೆ. ಮೊದಲು ಮೊಣಕೈ ಒಳಗೆ ಸ್ವಲ್ಪ ಹಚ್ಚಿ ಒಂದು ದಿನ ಬಿಟ್ಟು ನೋಡಿ. ಹೊಗೆಯ ರೂಪದ ವೇಪ್ ಬೇಡ. ಇ-ಸಿಗರೇಟ್ ನಮ್ಮ ದೇಶದಲ್ಲಿ 2019ರಿಂದ ನಿಷೇಧ. ಶ್ವಾಸಕೋಶಕ್ಕೂ ಕೆಟ್ಟದ್ದು.

ಹಂತ 6: ಎರಡು ವಾರ ಪ್ರಮಾಣ ಬದಲಿಸಬೇಡಿ

ದಿನಾ ತೆಗೆದುಕೊಂಡಾಗ ರಕ್ತದಲ್ಲಿರುವ ಸಿಬಿಡಿ ಅರ್ಧಕ್ಕೆ ಇಳಿಯಲು ಸುಮಾರು 56ರಿಂದ 61 ಗಂಟೆ ಬೇಕು. ಅಂದರೆ ಎರಡೂವರೆ ದಿನ. ನಿನ್ನೆಯದು ಪೂರ್ತಿ ಹೋಗುವ ಮೊದಲೇ ಇವತ್ತಿನದು ಸೇರುತ್ತದೆ. ಹೀಗೆ ಏರುತ್ತಾ ಏರುತ್ತಾ ಒಂದು ಮಟ್ಟಕ್ಕೆ ಬಂದು ನಿಲ್ಲಲು 12 ದಿನ ಹಿಡಿಯುತ್ತದೆ. ಮೂರನೇ ದಿನಕ್ಕೇ ಹನಿ ಏರಿಸಿದವರು ತಮಗೆ ತಿಳಿಯದೆಯೇ ಎರಡು ಸಲ ಏರಿಸಿದಂತಾಯಿತು.

ಎರಡು ವಾರ 5 ಮಿಲಿಗ್ರಾಂ. ಆಮೇಲೆ ವೈದ್ಯರಿಗೆ ಹೇಳಿ, ಬೇಕಿದ್ದರೆ 10. ಒಂದು ಚಿಕ್ಕ ನೋಟ್‌ಬುಕ್ ಇಡಿ. ಎಷ್ಟು ಗಂಟೆಗೆ ತೆಗೆದುಕೊಂಡಿರಿ, ಏನು ಊಟ, ರಾತ್ರಿ ಎಷ್ಟು ಸಲ ಎಚ್ಚರವಾಯಿತು, ನೋವಿಗೆ ಹತ್ತರಲ್ಲಿ ಎಷ್ಟು ಅಂಕ. ಶುರು ಮಾಡುವ ಒಂದು ವಾರ ಮೊದಲಿನಿಂದಲೇ ಬರೆಯಿರಿ. ಇಲ್ಲದಿದ್ದರೆ ಯಾವುದಕ್ಕೆ ಹೋಲಿಸುತ್ತೀರಿ? ಇದೇ ಸಮಯಕ್ಕೆ ಫಿಸಿಯೋಥೆರಪಿ, ಹೊಸ ಕಷಾಯ ಎಲ್ಲವನ್ನೂ ಒಟ್ಟಿಗೆ ಶುರು ಮಾಡಬೇಡಿ. ಗುಣ ಆದರೆ ಯಾವುದರಿಂದ ಅಂತ ಗೊತ್ತಾಗುವುದಿಲ್ಲ.

ಭೇದಿ, ಹಸಿವಿಲ್ಲದಿರುವುದು, ಸುಸ್ತು, ತೂಕಡಿಕೆ ಇವು ಸಾಮಾನ್ಯ ತೊಂದರೆಗಳು. ಕಣ್ಣು ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ಬಲ ಪಕ್ಕೆ ಕೆಳಗೆ ನೋವು ಬಂದರೆ ಅವತ್ತೇ ನಿಲ್ಲಿಸಿ ವೈದ್ಯರ ಹತ್ತಿರ ಹೋಗಿ. ಶುರು ಮಾಡುವ ಮೊದಲು ಒಮ್ಮೆ, ಒಂದು ತಿಂಗಳ ಮೇಲೆ ಒಮ್ಮೆ ಎಲ್‌ಎಫ್‌ಟಿ ಮಾಡಿಸಿ. ಅದು ಲಿವರಿನ ರಕ್ತ ಪರೀಕ್ಷೆ, ಊರಿನ ಯಾವ ಲ್ಯಾಬಿನಲ್ಲಾದರೂ ಆಗುತ್ತದೆ. ವರದಿಯಲ್ಲಿ ಎಸ್‌ಜಿಪಿಟಿ, ಎಸ್‌ಜಿಒಟಿ ಎಂಬ ಎರಡು ಸಾಲು ನೋಡಿ. ಏರಿದ್ದರೆ ವೈದ್ಯರಿಗೆ ತೋರಿಸುವವರೆಗೆ ಎಣ್ಣೆ ಬೇಡ.

ಒಂದೂವರೆ ತಿಂಗಳಾದರೂ ನೋಟ್‌ಬುಕ್‌ನಲ್ಲಿ ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಿಬಿಡಿ. ಅಷ್ಟು ದುಡ್ಡು ಕೊಟ್ಟೆವಲ್ಲ ಎಂದು ಬಾಟಲಿ ಮುಗಿಸಬೇಕಿಲ್ಲ. ಮೂರ್ಛೆಗೆ ತೆಗೆದುಕೊಳ್ಳುತ್ತಿರುವವರು ಮಾತ್ರ ತಟ್ಟನೆ ನಿಲ್ಲಿಸಬಾರದು, ತಜ್ಞರು ಹೇಳಿದಂತೆ ಇಳಿಸಬೇಕು.

ಹಂತ 7: ಕೆಲಸ, ಪ್ರಯಾಣ, ಮನೆಯ ಮಕ್ಕಳು

ಕಂಪನಿಯಲ್ಲಿ ಮೂತ್ರ ಪರೀಕ್ಷೆ ಇದ್ದರೆ, ಅಥವಾ ನೀವು ವಿಮಾನ ಸಿಬ್ಬಂದಿಯಾಗಿದ್ದರೆ, ಫುಲ್ ಸ್ಪೆಕ್ಟ್ರಮ್ ಎಣ್ಣೆ ಮುಟ್ಟಬೇಡಿ. ಪರೀಕ್ಷೆ ಹುಡುಕುವುದು ಟಿಎಚ್‌ಸಿಯನ್ನು. ಅದು ಔಷಧಿಯಿಂದ ಬಂತೋ ಗಾಂಜಾ ಸಿಗರೇಟಿನಿಂದ ಬಂತೋ ಎಂದು ಆ ಪರೀಕ್ಷೆಗೆ ತಿಳಿಯುವುದಿಲ್ಲ. ಆಟಗಾರರಿಗೂ ಇದೇ ಮಾತು. ವಿಶ್ವ ಉದ್ದೀಪನ ತಡೆ ಸಂಸ್ಥೆ ಸಿಬಿಡಿಯನ್ನು 2018ರಲ್ಲಿ ನಿಷೇಧದ ಪಟ್ಟಿಯಿಂದ ತೆಗೆದಿದೆ, ಟಿಎಚ್‌ಸಿಯನ್ನು ತೆಗೆದಿಲ್ಲ.

ಮಗಳ ಬಾಣಂತನಕ್ಕೆಂದು ಸಿಂಗಪುರಕ್ಕೋ ದುಬೈಗೋ ಹೊರಟಿದ್ದರೆ ಬಾಟಲಿಯನ್ನು ಬೆಂಗಳೂರಿನ ಮನೆಯಲ್ಲೇ ಬಿಟ್ಟು ಹೋಗಿ. ಅಲ್ಲಿ ಕಾನೂನು ಬಹಳ ಕಠಿಣ. ಇಲ್ಲಿನ ವೈದ್ಯರ ಚೀಟಿ ನಿಮ್ಮನ್ನು ಅಲ್ಲಿ ಕಾಯುವುದಿಲ್ಲ.

ಮನೆಯಲ್ಲಿ ಒಲೆಯಿಂದ ದೂರ, ಬೆಳಕು ಬೀಳದ ಕಪಾಟಿನಲ್ಲಿ, ಮಕ್ಕಳ ಕೈಗೆ ಎಟುಕದಷ್ಟು ಎತ್ತರದಲ್ಲಿ ಇಡಿ. ತಲೆಗೆ ಹಚ್ಚುವ ಎಣ್ಣೆ, ಕೆಮ್ಮಿನ ಸಿರಪ್ ಇಡುವ ಜಾಗದಲ್ಲಿ ಬೇಡ, ಅವಸರದಲ್ಲಿ ಅದಲುಬದಲಾಗುತ್ತದೆ. ಮಗು ಕುಡಿದುಬಿಟ್ಟರೆ ವಾಂತಿ ಮಾಡಿಸಲು ಹೋಗಬೇಡಿ. ಮಂಪರು ಬರುತ್ತಾ ನೋಡೋಣ ಎಂದು ಕಾಯಲೂಬೇಡಿ. 108ಕ್ಕೆ ಫೋನ್ ಮಾಡಿ, ಇಲ್ಲವೇ ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ. ಬಾಟಲಿಯನ್ನೂ ಪರೀಕ್ಷಾ ವರದಿಯನ್ನೂ ಜೊತೆಗೇ ತೆಗೆದುಕೊಂಡು ಹೋಗಿ. ಅದರಲ್ಲಿ ಟಿಎಚ್‌ಸಿ ಎಷ್ಟಿದೆ ಎಂದು ಅಲ್ಲಿನ ವೈದ್ಯರು ಮೊದಲು ಕೇಳುತ್ತಾರೆ.